ಕೂತು ನೋಡ್ರಿ, ಆಮೇಲೆ ತಗೊಳ್ರಿ

ಬಸವಣ್ಣೆಮ್ಮ ಹನ್ನೊಂದು ವರ್ಷ ಗಂಡಸರ ಜೀನ್ಸ್ ಪ್ಯಾಂಟಿನ ಸೀಟು ಹೊಲಿದವರು. ಸೀಟು ಅಂದರೆ ಕೂರುವ ಭಾಗ, ಎಡಗಾಲಿನ ಬಟ್ಟೆಯೂ ಬಲಗಾಲಿನ ಬಟ್ಟೆಯೂ ಹಿಂದೆ ಬಂದು ಸೇರುವ ಜಾಗ. ಶಿಕಾರಿಪುರದ ಹೊರಗಿದ್ದ ಗಾರ್ಮೆಂಟ್ಸ್‌ನಲ್ಲಿ ಒಬ್ಬರಿಗೆ ಒಂದೇ ಕೆಲಸ. ಜೇಬಿನವಳಿಗೆ ಜೇಬು, ಕಾಜಾದವಳಿಗೆ ಕಾಜಾ, ಇವರಿಗೆ ಸೀಟು. ದಿನಕ್ಕೆ ನಾನೂರಕ್ಕೆ ಕಡಿಮೆ ಇಲ್ಲ. ಹೊಲಿದದ್ದು ಮುಂದಿನ ಮಿಷನ್ನಿಗೆ ಹೋಗುತ್ತಿತ್ತು, ಅಲ್ಲಿಂದ ಇನ್ನೊಂದಕ್ಕೆ, ಕೊನೆಗೆ ಲಾರಿ ಹತ್ತಿ ಎಲ್ಲಿಗೋ. ಅದನ್ನು ತೊಟ್ಟ ಒಬ್ಬ ಗಂಡಸನ್ನೂ ಅವರು ನೋಡಿರಲಿಲ್ಲ.

ಊಟದ ಬಿಡುವಿನಲ್ಲಿ ಒಮ್ಮೆ ಪಕ್ಕದ ಮಿಷನ್ನಿನ ಹನುಮಮ್ಮನನ್ನು ಕೇಳಿದ್ದರಂತೆ, "ಇಷ್ಟೊಂದು ಸೀಟು ಹೊಲ್ದೀವಲ್ಲ, ಇದ್ರಲ್ಲಿ ಕೂರೋರು ಎಲ್ಲಿರ್ತಾರೆ ಮಾರಾಯ್ತಿ?"

ಹನುಮಮ್ಮ ರೊಟ್ಟಿ ಮುರಿಯುತ್ತಾ, "ಕೂತೂ ಕೂತೂ ನಮ್ಮ ಸೀಟೇ ಸವೆದು ಹೋಗೈತೆ. ಅವರ ಚಿಂತೆ ನಿನಗ್ಯಾಕವ್ವಾ?" ಅಂದಳಂತೆ.

ಹನ್ನೊಂದನೇ ವರ್ಷ ಅಲ್ಲಿ ಜೀನ್ಸ್ ಹೊಲಿಯುವುದು ನಿಂತು ಮಕ್ಕಳ ಫ್ರಾಕು ಶುರುವಾಯಿತು. ಬಸವಣ್ಣೆಮ್ಮ ಎರಡು ವಾರ ಫ್ರಾಕು ಹೊಲಿದು ನೋಡಿದರು. ಮನಸ್ಸು ಹಿಡಿಯಲಿಲ್ಲ. "ಫ್ರಾಕಿಗೆ ಸೀಟೇ ಇಲ್ಲ, ನಾನೇನು ಮಾಡ್ಲಿ ಅಲ್ಲಿ?" ಎಂದು ಮನೆಯಲ್ಲಿ ಹೇಳಿ ಕೆಲಸ ಬಿಟ್ಟರು.

ಅವರು ಹುಟ್ಟಿದ್ದು ಸೊರಬ ತಾಲ್ಲೂಕಿನ ಹೊಸಬಾಳೆಯಲ್ಲಿ, ಸೇರಿದ್ದು ಶಿಕಾರಿಪುರಕ್ಕೆ. ಗಂಡ ಸಿದ್ಧಲಿಂಗೇಶ್ ಪಂಪ್‌ಸೆಟ್ ರಿಪೇರಿ ಮಾಡುತ್ತಾರೆ. ಮಾತು ಕಡಿಮೆ, ಕೈ ಮಾತ್ರ ಯಾವಾಗಲೂ ಗ್ರೀಸಿನಲ್ಲಿ. ಗಂಡನ ತಮ್ಮ ಮಲ್ಲಿಕಾರ್ಜುನ್ ಇದಕ್ಕೆ ತೀರಾ ಉಲ್ಟಾ. ಅವನಿಗೆ ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಗಂಡಸರ ರೆಡಿಮೇಡ್ ಅಂಗಡಿ ಇತ್ತು, ಬಾಯಿ ತುಂಬ ಮಾತಿತ್ತು. ಅತ್ತಿಗೆ ಕೆಲಸ ಬಿಟ್ಟು ಕೂತಿದ್ದು ನೋಡಿ, "ಅತ್ತಿಗೆಮ್ಮ, ನಮ್ಮ ಅಂಗಡಿ ಮೂಲೇಲಿ ಒಂದು ಮಿಷನ್ ಹಾಕ್ಕೊಂಡು ಕೂತ್ಕೊಳ್ರಿ. ಪ್ಯಾಂಟು ಉದ್ದ ಆದ್ರೆ ಮಡಚಿ ಹೊಲಿಯೋದು, ಸೊಂಟ ಸಡಿಲ ಆದ್ರೆ ಹಿಡಿಯೋದು, ಅಷ್ಟೇ" ಎಂದು ಕರೆದ.

ಬಸವಣ್ಣೆಮ್ಮ ಮೂಲೆಯಲ್ಲಿ ಕೂತರು. ಹನ್ನೊಂದು ವರ್ಷ ಕಾಣದಿದ್ದ ಗಂಡಸರು ಈಗ ಒಬ್ಬೊಬ್ಬರಾಗಿ ಬಂದು ಕನ್ನಡಿ ಮುಂದೆ ನಿಲ್ಲತೊಡಗಿದರು. ಮೊದಲ ವಾರ ಅವರಿಗೆ ಆದದ್ದು ಬೇಜಾರೇ. ಇಷ್ಟು ಚಂದ ಹೊಲಿದ ಸೀಟುಗಳು ಹೀಗೆಲ್ಲ ಜೋತು ಬೀಳುತ್ತವೆ, ಹೀಗೆಲ್ಲ ಬಿಗಿದು ನರಳುತ್ತವೆ ಅಂತ ಅವರು ಅಂದುಕೊಂಡಿರಲಿಲ್ಲ.

ತಪ್ಪು ಪ್ಯಾಂಟಿನದಲ್ಲ, ಗಂಡಸರದ್ದೂ ಅಲ್ಲ ಎಂದು ತಿಳಿಯಲು ಅವರಿಗೆ ಬಹಳ ದಿನ ಬೇಕಾಗಲಿಲ್ಲ. ಮಲ್ಲಿಕಾರ್ಜುನ್ ಒಳಗೆ ಬಂದ ಯಾರಿಗಾದರೂ ಮೊದಲು ಕೈಗೆ ಸಿಕ್ಕ ಪ್ಯಾಂಟು ಕೊಡುತ್ತಿದ್ದ. ಅವರು ಹಾಕಿಕೊಂಡು ಹೊರಗೆ ಬಂದ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದು, ಕೈ ಮುಗಿಯುವಂತೆ ಮಾಡಿ, "ಸಾರ್, ನಿಮ್ಮ ಅಳತೆ ಕದ್ದು ಹೊಲಿದಂಗೈತೆ!" ಎನ್ನುತ್ತಿದ್ದ. ದಪ್ಪಗಿದ್ದವರಿಗೂ ಅದೇ, ಕಡ್ಡಿಯಂತಿದ್ದವರಿಗೂ ಅದೇ. ಅವರು ಖುಷಿಯಿಂದ ಕೊಂಡು ಹೋಗಿ, ನಾಲ್ಕು ದಿನಕ್ಕೆ ಮುಖ ಸಪ್ಪೆ ಮಾಡಿಕೊಂಡು ಪ್ಯಾಂಟು ಹಿಡಿದು ಬಸವಣ್ಣೆಮ್ಮನ ಮೂಲೆಗೆ ಬರುತ್ತಿದ್ದರು.

ಹಾಗೆ ಬಂದವರಲ್ಲಿ ನಾನೂ ಒಬ್ಬ. ನಾನು ಶಿವರಾಮ, ಸೊರಬದಲ್ಲಿ ಹೈಸ್ಕೂಲ್ ಮೇಷ್ಟ್ರು. ನನ್ನ ಹೊಟ್ಟೆ ನನಗಿಂತ ಮುಂಚೆ ಕ್ಲಾಸಿಗೆ ಹೋಗುತ್ತದೆ. ಕಾಲುಗಳು ಮಾತ್ರ ನಾನು ಪಿಯುಸಿ ಓದುವಾಗ ಹೇಗಿದ್ದವೋ ಹಾಗೇ ಉಳಿದಿವೆ. ಮಲ್ಲಿಕಾರ್ಜುನ್ ನನಗೆ ಸೊಂಟ ಕೆಳಗಿರುವ, ಕಾಲು ಬಿಗಿಯಾದ ಪ್ಯಾಂಟು ಕೊಟ್ಟಿದ್ದ. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗಲೆಲ್ಲ ಇನ್ನೊಂದು ಕೈಯಲ್ಲಿ ಪ್ಯಾಂಟು ಹಿಡಿದುಕೊಳ್ಳಬೇಕಾಗಿತ್ತು. ಒಂಬತ್ತನೇ ಕ್ಲಾಸಿನ ಹಿಂದಿನ ಬೆಂಚು ಅದನ್ನೇ ಕಾಯುತ್ತಿತ್ತು.

ಬಸವಣ್ಣೆಮ್ಮ ಪ್ಯಾಂಟನ್ನು ಕೈಯಲ್ಲಿ ಹಿಡಿದೂ ನೋಡಲಿಲ್ಲ. ನನ್ನನ್ನೇ ನೋಡಿದರು. "ಮೇಷ್ಟ್ರೇ, ನೀವು ಪ್ಯಾಂಟನ್ನ ಹೊಟ್ಟೆ ಮೇಲೆ ಕಟ್ತೀರೋ, ಕೆಳಗೋ?"

"ಕೆಳಗೆ. ಮೇಲೆ ಕಟ್ಟಿದ್ರೆ ನಮ್ಮ ತಾತನ ಥರ ಕಾಣ್ತೀನಿ."

"ತಾತನ ಪ್ಯಾಂಟು ಜಾರ್ತಿತ್ತಾ?"

ಜಾರುತ್ತಿರಲಿಲ್ಲ ಎಂದು ಒಪ್ಪಿಕೊಂಡೆ.

"ಹೊಟ್ಟೆ ಕೆಳಗೆ ಕಟ್ಟಿದ್ರೆ ಅದು ಪ್ಯಾಂಟನ್ನ ಇಡೀ ದಿನ ಕೆಳಕ್ಕೆ ತಳ್ತಾನೇ ಇರ್ತದೆ. ಬೆಲ್ಟು ಎಷ್ಟು ಬಿಗಿದ್ರೂ ಅಷ್ಟೇ. ನಿಮಗೆ ಸೊಂಟ ಎತ್ತರ ಇರೋದು ಬೇಕು, ಹೊಕ್ಕಳಿಂದ ಎರಡು ಬೆರಳು ಕೆಳಗೆ ಕೂರೋ ಅಂಥದ್ದು. ಇನ್ನು ಕಾಲು. ಬಿಗಿ ಹಾಕಿದ್ರೆ ಮಾವಿನಕಾಯಿಗೆ ಎರಡು ಕಡ್ಡಿ ಚುಚ್ಚಿದಂಗೆ ಕಾಣುತ್ತೆ, ತಪ್ಪು ತಿಳ್ಕೋಬೇಡಿ. ತೊಡೆ ಹತ್ರ ಸಡಿಲ, ಕೆಳಗೆ ಹೋಗ್ತಾ ಒಂಚೂರು ಕಿರಿದು, ಅಂಥದ್ದು ಹಾಕಿ. ಮೇಲಿಗೂ ಕೆಳಗಿಗೂ ಒಂದು ಹೊಂದಿಕೆ ಬರ್ತದೆ."

ತಪ್ಪು ತಿಳಿದುಕೊಳ್ಳಲು ಪುರಸೊತ್ತೇ ಇರಲಿಲ್ಲ. ಅವರೇ ಎದ್ದು ಹೋಗಿ ಮೇಲಿನ ಶೆಲ್ಫಿನಿಂದ ಒಂದು ಕಡು ನೀಲಿ ಪ್ಯಾಂಟು ಎಳೆದು ಕೊಟ್ಟರು. ಆ ಪ್ಯಾಂಟು ಹಾಕಿಕೊಂಡು ಹೋದ ದಿನ ನಾನು ಎರಡೂ ಕೈ ಬೀಸಿ ಪಾಠ ಮಾಡಿದೆ. ಹಿಂದಿನ ಬೆಂಚು ನಿರಾಸೆಯಿಂದ ನೋಟ್ಸ್ ಬರೆದುಕೊಂಡಿತು.

ಇದೆಲ್ಲ ಮಲ್ಲಿಕಾರ್ಜುನನಿಗೆ ಅಷ್ಟಾಗಿ ಹಿಡಿಸಲಿಲ್ಲ. "ಅತ್ತಿಗೆಮ್ಮ, ಹೆಣ್ಣುಮಕ್ಕಳು ಗಿರಾಕಿ ಹೊಟ್ಟೆ, ಸೀಟು ಅಂತೆಲ್ಲ ಮಾತಾಡಬಾರ್ದು. ಅವರಿಗೆ ನಾಚಿಕೆ ಆಗ್ತೈತೆ" ಎಂದ.

"ಪ್ಯಾಂಟು ಜಾರಿದ್ರೆ ಆಗಲ್ವಾ?" ಎಂದರು ಬಸವಣ್ಣೆಮ್ಮ. ಅಂದರೂ ಮೈದುನನ ಅಂಗಡಿ, ಮೈದುನನ ಮಾತು. ಅಂದಿನಿಂದ ಮಾತು ಕಡಿಮೆ ಮಾಡಿದರು.

ಹಾಗಾಗಿಯೇ ಸುರೇಂದ್ರ ಬಂದ ದಿನ ಅವರು ಒಂದೇ ಸಲ ಹೇಳಿ ಸುಮ್ಮನಾದರು.

ಸುರೇಂದ್ರ ಆನವಟ್ಟಿಯವನು. ಅಲ್ಲಿ ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿ ಇಟ್ಟಿದ್ದಾನೆ, ಕಬಡ್ಡಿಯಲ್ಲಿ ಸುತ್ತಮುತ್ತಲ ಊರುಗಳಿಗೆಲ್ಲ ಗೊತ್ತಿರುವ ರೇಡರ್. ಸೊಂಟ ಸಣ್ಣದು, ತೊಡೆ ಮಾತ್ರ ಒಂದೊಂದೂ ಒಬ್ಬ ಮನುಷ್ಯನಷ್ಟು. ಸೊರಬದ ರಮ್ಯ ಎಂಬ ಹುಡುಗಿಯೊಂದಿಗೆ ಮದುವೆ ಗೊತ್ತಾಗಿತ್ತು. ಮದುವೆಗೆ ಮುಂಚೆ ಅಂಜನಾಪುರ ಡ್ಯಾಮಿನ ಹತ್ತಿರ ಫೋಟೋ ತೆಗೆಸುವುದಿತ್ತು. ಅದಕ್ಕೆ ಮೈಗೆ ಅಂಟಿದಂತಿರುವ ಜೀನ್ಸೇ ಬೇಕೆಂದು ಹಟ ಹಿಡಿದು ಬಂದಿದ್ದ.

ಟ್ರಯಲ್ ರೂಮಿನಿಂದ ಹೊರಗೆ ಬರಲು ಅವನಿಗೆ ಹತ್ತು ನಿಮಿಷ ಹಿಡಿಯಿತು. ಮೂವತ್ತೆರಡರ ನ್ಯಾರೋ ಪ್ಯಾಂಟು. ಸೊಂಟಕ್ಕೇನೋ ಸರಿಯಾಗಿತ್ತು. ತೊಡೆಯ ಮೇಲೆ ಬಟ್ಟೆ ಎಷ್ಟು ಬಿಗಿದಿತ್ತೆಂದರೆ ಜೇಬಿಗೆ ಹಾಕಿಕೊಂಡಿದ್ದ ಬಸ್ ಟಿಕೆಟ್ಟಿನ ನಾಲ್ಕು ಮೂಲೆಗಳೂ ಕಾಣುತ್ತಿದ್ದವು.

"ಸಾರ್, ನಿಮ್ಮ ಅಳತೆ ಕದ್ದು ಹೊಲಿದಂಗೈತೆ!" ಎಂದ ಮಲ್ಲಿಕಾರ್ಜುನ್.

ಮೂಲೆಯಿಂದ ಬಸವಣ್ಣೆಮ್ಮ, "ತಮ್ಮಾ, ಒಂದ್ಸಲ ಬಗ್ಗಿ ನೋಡು" ಎಂದರು.

"ಬಗ್ಗೋ ಕೆಲ್ಸ ಏನಿಲ್ಲ ಬಿಡ್ರಕ್ಕಾ. ನಿಂತ್ಕೊಂಡು ಫೋಟೋ ತೆಗೆಸೋದಷ್ಟೇ" ಎಂದು ಸುರೇಂದ್ರ ನಕ್ಕ. ಕೊಂಡು ಹೋದ.

ಆದರೆ ಫೋಟೋಗ್ರಾಫರ್ ಬೇರೆಯೇ ಯೋಚನೆ ಮಾಡಿದ್ದ. ಡ್ಯಾಮಿನ ನೀರು ಹಿಂದೆ ಕಾಣುವ ಹಾಗೆ ರಮ್ಯಳನ್ನು ನಿಲ್ಲಿಸಿ, ಸುರೇಂದ್ರನ ಕೈಗೆ ಕೆಂಪು ಗುಲಾಬಿ ಕೊಟ್ಟು, ಒಂದು ಮಂಡಿ ಊರಿ ಹೂ ಕೊಡು ಎಂದ. ವಿಡಿಯೋ ಓಡುತ್ತಿತ್ತು. ಸುರೇಂದ್ರ ಕಬಡ್ಡಿಯ ಹುರುಪಿನಲ್ಲಿ ಒಂದೇ ಸಲಕ್ಕೆ ಮಂಡಿ ಊರಿದ.

ಸದ್ದು ವಿಡಿಯೋದಲ್ಲಿ ಚೆನ್ನಾಗಿ ಸಿಕ್ಕಿತು. ದಡದ ಮೇಲಿದ್ದ ಬೆಳ್ಳಕ್ಕಿಗಳೂ ಎದ್ದು ಹಾರಿದವು. ಸುರೇಂದ್ರ ಏಳಲೂ ಆಗದೆ, ಹಾಗೇ ಇರಲೂ ಆಗದೆ, ಗುಲಾಬಿಯನ್ನು ಹಿಂದಕ್ಕೆ ಅಡ್ಡ ಹಿಡಿದುಕೊಂಡ. ರಮ್ಯ ನಕ್ಕೂ ನಕ್ಕೂ ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟಳು. ಅವತ್ತು ಸಂಜೆಯೊಳಗೆ ಆ ವಿಡಿಯೋ ಶಿಕಾರಿಪುರ, ಶಿರಾಳಕೊಪ್ಪ, ಆನವಟ್ಟಿ, ಸೊರಬ ಎಲ್ಲ ಕಡೆಯ ಫೋನುಗಳಿಗೂ ಹೋಗಿತ್ತು. ನನಗೇ ಆರು ಜನ ಕಳಿಸಿದರು.

ಮರುದಿನದಿಂದ ಮಲ್ಲಿಕಾರ್ಜುನನ ಅಂಗಡಿಗೆ 'ಪರ್ರ್ ಅಂಗಡಿ' ಎಂದು ಹೆಸರು ಬಿತ್ತು. ಕಾಲೇಜು ಹುಡುಗರು ಬೈಕಿನಲ್ಲಿ ಹೋಗುವಾಗ ಬಾಗಿಲ ಮುಂದೆ ಬಾಯಲ್ಲೇ ಸದ್ದು ಮಾಡಿ ಹೋಗುತ್ತಿದ್ದರು. ಒಂದು ವಾರ ಗಿರಾಕಿಗಳೇ ಇಲ್ಲ. ಮಲ್ಲಿಕಾರ್ಜುನ್ ಗಲ್ಲದ ಮೇಲೆ ಕೈಯಿಟ್ಟು ಸುಮ್ಮನೆ ಕೂತ. ಅವನು ಸುಮ್ಮನಿರುವುದನ್ನು ಮನೆಯವರು ಅದೇ ಮೊದಲು ನೋಡಿದ್ದು.

ಎಂಟನೇ ದಿನ ಸುರೇಂದ್ರ ಬಂದ, ಜೊತೆಗೆ ರಮ್ಯ. ಅವನು ಹರಿದ ಪ್ಯಾಂಟನ್ನು ಟೇಬಲ್ಲಿನ ಮೇಲೆ ಎಸೆದು, "ಏನ್ರೀ ಇದು ಹೊಲಿಗೆ? ಎಂಥ ಮಾಲು ಇಡ್ತೀರಿ ನೀವು?" ಎಂದು ಕೂಗಾಡಿದ.

ಬಸವಣ್ಣೆಮ್ಮ ಎದ್ದು ಬಂದು ಪ್ಯಾಂಟನ್ನು ಬೆಳಕಿಗೆ ಹಿಡಿದು ನೋಡಿದರು. ಹೊಲಿಗೆಯ ಮೇಲೆ ಬೆರಳಾಡಿಸಿದರು. "ತಮ್ಮಾ, ಇಲ್ಲಿ ನೋಡು. ಹೊಲಿಗೆ ಒಂದು ದಾರಾನೂ ಬಿಟ್ಟಿಲ್ಲ. ಹೊಲಿಗೆ ಪಕ್ಕದಲ್ಲಿ ಬಟ್ಟೆ ಹರ್ದಿದೆ. ಇದನ್ನ ಹೊಲ್ದ ಹೆಣ್ಣುಮಗಳನ್ನ ಬೈಬೇಡ. ಅವಳ ಕೆಲ್ಸ ಅವಳು ಸರಿಯಾಗೇ ಮಾಡಿದಾಳೆ."

"ಮತ್ತೆ ತಪ್ಪು ಯಾರ್ದು?"

"ನಿನ್ನ ತೊಡೇದಂತೂ ಅಲ್ಲ. ಅದು ಆಡಿ ಗಳಿಸಿದ್ದು. ಅದಕ್ಕೆ ಜಾಗ ಕೊಡದೇ ಇದ್ದಿದ್ದು ತಪ್ಪು."

ರಮ್ಯ ಮುಂದೆ ಬಂದು, "ಆಂಟಿ, ನೀವೇ ಒಂದು ಆರಿಸಿ ಕೊಡಿ. ಫೋಟೋ ಇನ್ನೊಂದು ಸಲ ತೆಗೆಸ್ಬೇಕು" ಎಂದಳು. ಮತ್ತೆ ಅವಳಿಗೆ ನಗು ಬಂತು, ತಡೆದುಕೊಂಡಳು.

ಬಸವಣ್ಣೆಮ್ಮ ಮೈದುನನ ಕಡೆ ನೋಡಿದರು. ಅವನು ತಲೆ ಎತ್ತದೆಯೇ ಆಗಲಿ ಎಂಬಂತೆ ಕೈ ಆಡಿಸಿದ. ಅವರು ಮೂವತ್ತಾರರ ಸೈಜಿನದೊಂದು ತೆಗೆದರು. ಬಟ್ಟೆ ಒಂಚೂರು ಹಿಗ್ಗುವಂಥದ್ದು, ತೊಡೆ ಧಾರಾಳ, ಮಂಡಿಯಿಂದ ಕೆಳಗೆ ಕಿರಿದು. ಸುರೇಂದ್ರ ಹಾಕಿಕೊಂಡು ಬಂದಾಗ ಸೊಂಟದಲ್ಲಿ ಒಂದು ಮುಷ್ಟಿ ತೂರುವಷ್ಟು ಸಡಿಲವಿತ್ತು.

"ಸೊಂಟ ದೊಡ್ಡದಾಯ್ತಲ್ರಕ್ಕಾ?"

"ಸೊಂಟ ನಾನು ಹಿಡಿದು ಕೊಡ್ತೀನಿ, ಅರ್ಧ ಗಂಟೆ ಕೆಲ್ಸ. ತೊಡೆ ಬಿಗಿ ಇದ್ರೆ ಅದನ್ನ ಬಿಡಿಸಕ್ಕೆ ಒಳಗೆ ಬಟ್ಟೆ ಎಲ್ಲಿರುತ್ತೆ? ನಿನ್ನಂಥ ಮೈಯವರು ಮೊದಲು ತೊಡೆ ನೋಡ್ಬೇಕು, ಆಮೇಲೆ ಸೊಂಟ." ಹೇಳಿದಂತೆಯೇ ಅರ್ಧ ಗಂಟೆಯಲ್ಲಿ ಸೊಂಟ ಹಿಡಿದು ಕೊಟ್ಟರು. ಸುರೇಂದ್ರ ಹಾಕಿಕೊಂಡು ಕನ್ನಡಿ ನೋಡುವಷ್ಟರಲ್ಲಿ, "ಈಗ ಕಬಡ್ಡಿ ಆಡಿ ತೋರ್ಸು" ಎಂದರು.

"ಇಲ್ಲೇ?"

"ಇಲ್ಲೇ. ಹರಿದ್ರೆ ಇಲ್ಲೇ ಹರೀಲಿ."

ಸುರೇಂದ್ರ ಅತ್ತ ಇತ್ತ ನೋಡಿದ. ಆಮೇಲೆ ಅವನೊಳಗಿನ ಆಟಗಾರ ಎದ್ದನೋ ಏನೋ, ನೆಲ ಮುಟ್ಟಿ ಹಣೆಗೆ ಒತ್ತಿಕೊಂಡು, 'ಕಬಡ್ಡಿ ಕಬಡ್ಡಿ' ಎನ್ನುತ್ತಾ ಅಂಗಿಗಳ ಸಾಲಿನ ಮಧ್ಯೆ ನುಗ್ಗಿದ. ಬಗ್ಗಿದ, ಕಾಲು ಚಾಚಿದ, ಹಿಂದಕ್ಕೆ ಜಿಗಿದ. ಟೇಬಲ್ಲಿನ ಹಿಂದೆ ಕೂತಿದ್ದ ಮಲ್ಲಿಕಾರ್ಜುನನ ಭುಜ ಮುಟ್ಟಿ ಬಾಗಿಲಿಗೆ ಓಡಿ ಬಂದ.

"ಅಂಗಡಿಯೋರು ಔಟ್!" ಎಂದು ರಮ್ಯ ಕೂಗಿದಳು.

ಪ್ಯಾಂಟು ಹರಿಯಲಿಲ್ಲ. ರಮ್ಯ ಇದನ್ನೆಲ್ಲ ತನ್ನ ಫೋನಿನಲ್ಲಿ ತೆಗೆದಿದ್ದಳು. ಹರಿದದ್ದರ ಹಿಂದೆ ಹರಿಯದ್ದನ್ನು ಸೇರಿಸಿ, 'ಮೊದಲು, ಆಮೇಲೆ' ಎಂದು ಬರೆದು ಅವಳೇ ಎಲ್ಲರಿಗೂ ಕಳಿಸಿದಳು. ಹಿಂದಿನ ವಿಡಿಯೋ ಎಷ್ಟು ಕಡೆ ಹೋಗಿತ್ತೋ ಇದು ಅಷ್ಟೇ ಕಡೆ ಹೋಯಿತು. ಗಿರಾಕಿಗಳು ಮತ್ತೆ ಬಂದರು. ಆದರೆ ಈಗ ಅವರು ನೇರ ಮೂಲೆಯ ಮಿಷನ್ನಿನ ಹತ್ತಿರ ಹೋಗುತ್ತಿದ್ದರು.

ಆ ಸಂಜೆ ಬಾಗಿಲು ಹಾಕುವ ಮುಂಚೆ ಮಲ್ಲಿಕಾರ್ಜುನ್ ಬಹಳ ಹೊತ್ತು ಅಂಗಿಗಳನ್ನು ಸುಮ್ಮಸುಮ್ಮನೆ ಮಡಚಿ ಇಟ್ಟ. ಕೊನೆಗೆ ಹೇಳಿದ, "ಅತ್ತಿಗೆಮ್ಮ, ನಾನು ಸುಳ್ಳು ಹೇಳಿ ಮಾರ್ತಿದ್ದೆ ಅಂತ ತಿಳ್ಕೋಬ್ಯಾಡ್ರಿ. ನಂಗೆ ನಿಜವಾಗ್ಲೂ ಎಲ್ರೂ ಚೆನ್ನಾಗೇ ಕಾಣ್ತಾರೆ."

ಬಸವಣ್ಣೆಮ್ಮನಿಗೆ ಅದನ್ನು ಕೇಳಿ ಅವನ ಮೇಲಿದ್ದ ಸಿಟ್ಟೆಲ್ಲ ಹೋಯಿತಂತೆ. "ಅದೇನು ಕೆಟ್ಟ ಗುಣ ಅಲ್ಲ ಬಿಡು ಮಲ್ಲು. ಶರ್ಟಿಗೆ ನಡೀತದೆ" ಎಂದರು.

ಮದುವೆ ಮುಗಿದ ಮೇಲೆ ಸುರೇಂದ್ರ ಒಂದು ಸುದ್ದಿ ತಂದ. ಆನವಟ್ಟಿಯಲ್ಲಿ ಅವನ ಅಂಗಡಿಯ ಪಕ್ಕದ ಮಳಿಗೆ ಖಾಲಿಯಾಗಿತ್ತು. "ನಮ್ಮ ಕಡೆ ಹಳ್ಳಿಯೋರೆಲ್ಲ ಒಂದು ಪ್ಯಾಂಟಿಗೆ ಶಿಕಾರಿಪುರಕ್ಕೋ ಸೊರಬಕ್ಕೋ ಬಸ್ ಹತ್ತಬೇಕು. ನೀವೇ ಅಲ್ಲಿಗೆ ಬಂದುಬಿಡ್ರಕ್ಕಾ" ಎಂದ. ಬಸವಣ್ಣೆಮ್ಮನಿಗೆ ಆಸೆಯಾಯಿತು. ಆನವಟ್ಟಿ ಇರುವುದೂ ಅವರ ತವರಿನ ತಾಲ್ಲೂಕಿನಲ್ಲೇ.

ಮನೆಯಲ್ಲಿ ಮಾವ ವೀರಬಸಪ್ಪನವರು ಮಾತ್ರ ತಕರಾರು ತೆಗೆದರು. "ಹೆಣ್ಣುಮಗಳು ಒಬ್ಬಳೇ ಕೂತು ಗಂಡಸರ ಪ್ಯಾಂಟು ಮಾರೋದಾ? ಜನ ಏನಂತಾರೆ?"

"ಮಾವಾರೆ, ಬಜಾರಿನಲ್ಲಿ ಸೀರೆ ಮಾರೋರು ಯಾರು?"

"ಗಂಡಸರು."

"ಬಳೆ ತೊಡಿಸೋರು?"

ವೀರಬಸಪ್ಪನವರು ಕೈಯಲ್ಲಿದ್ದ ವಿಭೂತಿ ಗಟ್ಟಿಯನ್ನು ಪಕ್ಕಕ್ಕಿಟ್ಟು, "ಊಟಕ್ಕೆ ತಟ್ಟೆ ಹಾಕ್ರಿ" ಎಂದರು. ಅದನ್ನು ಮನೆಯವರು ಒಪ್ಪಿಗೆ ಎಂದೇ ತಿಳಿದರು.

ಅಂಗಡಿಗೆ ಶೆಲ್ಫು, ದೀಪ, ಕನ್ನಡಿ ಎಲ್ಲ ಆಯಿತು. ಇನ್ನೇನು ಬೇಕು ಎಂದು ಗಂಡ ಸಿದ್ಧಲಿಂಗೇಶ್ ಕೇಳಿದಾಗ ಬಸವಣ್ಣೆಮ್ಮ, "ಒಂದು ಹಳೇ ಬೈಕು" ಎಂದರು. ಸಿದ್ಧಲಿಂಗೇಶ್ ಯಾಕೆ ಏನು ಎಂದು ಕೇಳದೆ, ಗುಜರಿಯಿಂದ ಎಂಜಿನ್ ಇಲ್ಲದ ಬೈಕೊಂದನ್ನು ತಂದು, ತೊಳೆದು, ಬಣ್ಣ ಹೊಡೆದು, ಅಲ್ಲಾಡದಂತೆ ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದರು. ಎದುರಿಗೆ ಕನ್ನಡಿ. ಹಿಂದಿನ ಗೋಡೆಯ ಮೇಲೆ ಒಂದು ಬೋರ್ಡು: 'ಕೂತು ನೋಡ್ರಿ, ಆಮೇಲೆ ತಗೊಳ್ರಿ.'

"ನಿಂತಾಗ ಎಲ್ಲಾ ಪ್ಯಾಂಟೂ ಚೆನ್ನಾಗೇ ಇರ್ತಾವೆ" ಎನ್ನುವುದು ಅವರ ಮಾತು. "ನಮ್ಮ ಕಡೆ ಗಂಡಸರು ನಿಲ್ಲೋದು ಎಷ್ಟೊತ್ತು? ಬೈಕಲ್ಲಿ ಕೂರ್ತಾರೆ, ಟ್ರ್ಯಾಕ್ಟರಲ್ಲಿ ಕೂರ್ತಾರೆ, ಹೋಟ್ಲಲ್ಲಿ ಕೂರ್ತಾರೆ. ಕೂತಾಗ ಹಿಂದೆ ಬೆನ್ನು ಕಾಣಬಾರ್ದು, ಮುಂದೆ ಹೊಟ್ಟೆ ಒತ್ತಬಾರ್ದು, ಮಂಡಿ ಹಿಡೀಬಾರ್ದು."

ಶುರುವಿನಲ್ಲಿ ಗಂಡಸರಿಗೆ ಮುಜುಗರವಿತ್ತು. ಹೆಂಗಸು ಕೂತಿದ್ದಾಳೆಂದು ಬಾಗಿಲವರೆಗೆ ಬಂದು ವಾಪಸ್ಸು ಹೋದವರಿದ್ದಾರೆ. ಬಸವಣ್ಣೆಮ್ಮ ಅದಕ್ಕೊಂದು ಉಪಾಯ ಮಾಡಿದರು. ಅವರ ಮಿಷನ್ನು ಬೀದಿ ಕಡೆ ಮುಖ ಮಾಡಿದೆ. ಬಸ್ಸಿಳಿದು ಬರುವವರ ನಡಿಗೆ ಅಲ್ಲಿಂದಲೇ ಕಾಣುತ್ತದೆ. ಗಿರಾಕಿ ಒಳಗೆ ಕಾಲಿಡುವಷ್ಟರಲ್ಲಿ ಅವನಿಗೆ ಒಪ್ಪುವ ಎರಡು ಪ್ಯಾಂಟು ಟೇಬಲ್ಲಿನ ಮೇಲೆ ಬಿದ್ದಿರುತ್ತವೆ. ಅಳತೆ ಪಟ್ಟಿ ಹಿಡಿದು ಮೈ ಮುಟ್ಟುವುದೂ ಇಲ್ಲ, ಹೊಟ್ಟೆ ಎಷ್ಟು ಎಂದು ಕೇಳುವುದೂ ಇಲ್ಲ. ಎತ್ತರವಾಗಿ ಸಣ್ಣಗಿರುವವನಿಗೆ ದಪ್ಪ ಬಟ್ಟೆಯ ನೇರ ಕಾಲಿನದು. ಬಿಗಿಯದೂ ಅಲ್ಲ, ಗಾಳಿಗೆ ಹಾರುವಂಥದ್ದೂ ಅಲ್ಲ. ಗಿಡ್ಡಗಿರುವವನಿಗೆ ಕೆಳಗೆ ಮಡಚದೆ ಹಿಮ್ಮಡಿ ಹತ್ತಿರ ಸರಿಯಾಗಿ ನಿಲ್ಲುವ, ಒಂದೇ ಬಣ್ಣದ ಕಡು ನೀಲಿ. "ಕೆಳಗೆ ನಾಲ್ಕು ಮಡಿಕೆ ಕೂತ್ರೆ ಇದ್ದ ಎತ್ತರಾನೂ ಹೋಗ್ತದೆ" ಎಂದು ಅವರೇ ಕತ್ತರಿಸಿ ಹೊಲಿದು ಕೊಡುತ್ತಾರೆ. ಮೈ ತುಂಬಿಕೊಂಡವನು ಬಿಗಿಯದನ್ನು ಕೇಳಿದರೆ ಇಲ್ಲ ಅನ್ನುವುದಿಲ್ಲ. ಕೊಟ್ಟು, "ಬೈಕ್ ಮೇಲೆ ಕೂತ್ಕೊಳ್ರಿ" ಎನ್ನುತ್ತಾರೆ, ಅಷ್ಟೇ. ಅವನೇ ಇಳಿದು ಬಂದು ಬೇರೆ ಕೇಳುತ್ತಾನೆ.

ಅಂಗಡಿಗೆ ಎರಡನೇ ವರ್ಷ ನಡೆಯುವಾಗ ಉಡುತಡಿಯ ಹುಚ್ಚರಾಯಪ್ಪನವರು ಬಂದರು.

ಬಸವಣ್ಣೆಮ್ಮ ಅವರನ್ನು ಒಂದು ಗಂಟೆಯಿಂದ ನೋಡುತ್ತಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಹೆಗಲ ಮೇಲೆ ಟವಲು, ಅರವತ್ತೈದು ದಾಟಿದ ವಯಸ್ಸು. ಎದುರಿನ ಹೋಟೆಲಿನಲ್ಲಿ ಒಂದು ಟೀ ಕುಡಿದರು, ಅಂಗಡಿ ಕಡೆ ನೋಡಿದರು, ಇನ್ನೊಂದು ಟೀ ಕುಡಿದರು. ಕೊನೆಗೆ ರಸ್ತೆ ದಾಟಿ ಬಂದು, ಕೆಮ್ಮಿ, "ನಮ್ಮ ಮಗನಿಗೊಂದು ಜೀನ್ಸ್ ಪ್ಯಾಂಟು ಬೇಕಾಗಿತ್ತಮ್ಮ" ಎಂದರು.

"ಬರ್ರಿ, ಕೂತ್ಕೊಳ್ರಿ. ಮಗನ ವಯಸ್ಸೆಷ್ಟು?"

"ಇಪ್ಪ... ಮೂವತ್ತು."

"ಎತ್ತರ?"

"ನನ್ನಷ್ಟೇ."

"ದಪ್ಪನಾ, ಸಣ್ಣನಾ?"

"ನನ್ನಂಗೇ."

"ಹೊಟ್ಟೆ?"

ಹುಚ್ಚರಾಯಪ್ಪನವರು ತಮ್ಮ ಹೊಟ್ಟೆ ನೋಡಿಕೊಂಡು, "ಒಂಚೂರು ಐತೆ" ಎಂದರು.

ಅವರ ಕಾಲುಗಳು ಮಂಡಿಯ ಹತ್ತಿರ ಬಿಲ್ಲಿನಂತೆ ಹೊರಗೆ ಬಾಗಿದ್ದವು. ಬಸವಣ್ಣೆಮ್ಮ ಅತ್ತ ನೋಡಿಯೂ ನೋಡದಂತೆ, "ಕಾಲು?" ಎಂದರು.

"ಅವನ ಕಾಲೂ ಹಿಂಗೇ ಅವೆ."

"ಹಂಗಾದ್ರೆ ಒಳ್ಳೇದೇ ಆಯ್ತು. ನೀವೇ ಹಾಕಿ ನೋಡ್ರಿ, ಮಗನಿಗೆ ಆಗುತ್ತೋ ಇಲ್ವೋ ಗೊತ್ತಾಗಿಬಿಡ್ತದೆ."

ಹುಚ್ಚರಾಯಪ್ಪನವರು ಬೇಡ ಬೇಡ ಎನ್ನುತ್ತಲೇ ಪ್ಯಾಂಟು ಇಸಿದುಕೊಂಡು ಪರದೆಯ ಹಿಂದೆ ಹೋದರು. ಬಹಳ ಹೊತ್ತಾದ ಮೇಲೆ, "ಅಮ್ಮಾ, ಸೊಂಟ ಕೂಡ್ತಿಲ್ಲ" ಎಂಬ ದನಿ ಬಂತು.

"ಒಳಗೆ ಪಟ್ಟೆ ಚಡ್ಡಿ ಇದ್ಯಾ?"

ಪರದೆ ಒಂದು ಸಲ ಅಲ್ಲಾಡಿತು. ಆಮೇಲೆ, "ಐತೆ."

"ಮಗ ಏನು ಹಾಕ್ತಾನೆ?"

"ಅವನೂ ಪಟ್ಟೆ ಚಡ್ಡೀನೇ."

ಬಸವಣ್ಣೆಮ್ಮ ಮುಖ ಆಚೆ ತಿರುಗಿಸಿ, ನಗು ನುಂಗಿ, ಒಂದು ಸೈಜು ದೊಡ್ಡದನ್ನು ಪರದೆಯ ಮೇಲಿಂದ ಕೊಟ್ಟರು. ಬಿಗಿ ಕಾಲಿನದು ಹಾಕಿದರೆ ಬಾಗಿದ ಕಾಲು ಇನ್ನೂ ಬಾಗಿದಂತೆ ಕಾಣುತ್ತದೆ. ಅದಕ್ಕೇ ಮಂಡಿಯಿಂದ ಕೆಳಗೂ ಅಷ್ಟೇ ಅಗಲ ಇಳಿಯುವ ನೇರ ಕಾಲಿನದನ್ನು ಆರಿಸಿದ್ದರು. ಹಿಂದೆ ಜೇಬು ದೊಡ್ಡದು, ಸ್ವಲ್ಪ ಮೇಲಕ್ಕೆ. ವಯಸ್ಸಾದವರ ಸೀಟು ತಟ್ಟೆಯಂತೆ ಚಪ್ಪಟೆ ಆಗಿರುತ್ತದೆ, ಜೇಬು ದೊಡ್ಡದಿದ್ದರೆ ತುಂಬಿಕೊಂಡಂತೆ ಕಾಣುತ್ತದೆ.

ಹುಚ್ಚರಾಯಪ್ಪನವರು ಹೊರಗೆ ಬಂದರು. ಅಂಗಿಯನ್ನು ಒಳಗೆ ಸೇರಿಸಬೇಕೋ ಹೊರಗೆ ಬಿಡಬೇಕೋ ತಿಳಿಯದೆ ಎರಡೂ ಕೈಯಲ್ಲಿ ಅದರ ತುದಿ ಹಿಡಿದುಕೊಂಡಿದ್ದರು.

"ಬೈಕ್ ಮೇಲೆ ಕೂತು ನೋಡ್ರಿ" ಎಂದರು ಬಸವಣ್ಣೆಮ್ಮ.

ಕೂತರು. ಹ್ಯಾಂಡಲ್ ಹಿಡಿದರು. ಎದುರಿನ ಕನ್ನಡಿಯಲ್ಲಿ ತಮ್ಮನ್ನೇ ನೋಡಿಕೊಂಡರು. ಬೀದಿಯಲ್ಲಿ ಒಂದು ಬಸ್ಸು ಬಂದು ಜನರನ್ನು ಇಳಿಸಿ ಹೋಯಿತು.

"ನಂಗೆ ಗಂಡು ಮಕ್ಕಳಿಲ್ಲ ಕಣಮ್ಮ" ಎಂದರು ಕೊನೆಗೆ. "ಇಬ್ರೂ ಹೆಣ್ಣುಮಕ್ಕಳು. ಮದುವೆ ಆಗಿ ಹೋದ್ರು."

"ಗೊತ್ತಾಯ್ತು. ಯಾವ ಮಗನೂ ಅಪ್ಪನ ಅಳತೆಗೆ ಇಷ್ಟು ಸರಿಯಾಗಿ ಇರಲ್ಲ."

ಅವರೂ ನಕ್ಕರು. ಆಮೇಲೆ ಹೇಳಿದರು. ಇಪ್ಪತ್ತು ವರ್ಷದ ಹುಡುಗನಾಗಿದ್ದಾಗ ಗೆಳೆಯನೊಬ್ಬ ದಾವಣಗೆರೆಯಿಂದ ಜೀನ್ಸ್ ತಂದಿದ್ದನಂತೆ. ಒಂದು ಮಧ್ಯಾಹ್ನದ ಮಟ್ಟಿಗೆ ಇವರು ಅದನ್ನು ಇಸಿದುಕೊಂಡು ತೊಟ್ಟು ಊರೊಳಗೆ ನಡೆದರು. ಅಪ್ಪ ನೋಡಿ ಎಲ್ಲರೆದುರಿಗೆ ಬಿಚ್ಚಿಸಿದರು. ಆಮೇಲೆ ಮದುವೆ, ಗದ್ದೆ, ಮಕ್ಕಳು. ಅದನ್ನು ಕೇಳುವ ವಯಸ್ಸು ಯಾವಾಗ ದಾಟಿತೋ ಅವರಿಗೇ ತಿಳಿಯಲಿಲ್ಲ. "ಶಿಕಾರಿಪುರದಾಗೆ ತಗೊಂಡ್ರೆ ಯಾರಾದ್ರೂ ನೋಡ್ತಾರೆ ಅಂತ ಇಷ್ಟು ದೂರ ಬಂದೆ. ಅರವತ್ತೇಳಾಯ್ತು. ಇನ್ನು ಯಾವಾಗ ಹೇಳು?"

ಬಸವಣ್ಣೆಮ್ಮ ಅವರನ್ನು ಬೈಕಿನಿಂದ ಇಳಿಸಿ ನಿಲ್ಲಿಸಿ, ಬಗ್ಗಿ ಪ್ಯಾಂಟಿನ ಕೆಳತುದಿಗೆ ಸೀಮೆಸುಣ್ಣದ ಗುರುತು ಹಾಕಿದರು. ಮುಕ್ಕಾಲು ಇಂಚು ಮಡಚಿ ಹೊಲಿದು, ಇಸ್ತ್ರಿ ಮಾಡಿ, ಕಾಗದದಲ್ಲಿ ಸುತ್ತಿ ಕೊಟ್ಟರು. ಹುಚ್ಚರಾಯಪ್ಪನವರು ಅದನ್ನು ಕೈಚೀಲದ ತಳದಲ್ಲಿಟ್ಟು, ಮೇಲೆ ಬಾಳೆಹಣ್ಣಿನ ಚಿಪ್ಪು ಇಟ್ಟುಕೊಂಡು ಬಸ್ಸು ಹತ್ತಿದರು.

ಇಪ್ಪತ್ತೈದು ದಿನ ಕಳೆದಿರಬಹುದು. ನಾನು ಅವತ್ತು ಹೊಸ ಪ್ಯಾಂಟಿಗೆಂದು ಅಂಗಡಿಯಲ್ಲೇ ಇದ್ದೆ. ಒಬ್ಬ ಅಜ್ಜಿ, ದೊಡ್ಡ ಕುಂಕುಮ, ಗಟ್ಟಿ ನಡಿಗೆ, ಒಳಗೆ ಬಂದವರೇ ಸೊಂಟದ ಮೇಲೆ ಕೈಯಿಟ್ಟು ನಿಂತರು.

"ಉಡುತಡಿ ಹುಚ್ಚರಾಯಪ್ಪಾರಿಗೆ ಪ್ಯಾಂಟು ಕೊಟ್ಟೋಳು ನೀನೇ ಏನವ್ವಾ?"

ಬಸವಣ್ಣೆಮ್ಮ ಮಿಷನ್ ನಿಲ್ಲಿಸಿ ಎದ್ದರು. "ಹೌದ್ರೀ. ತಾವು?"

"ಅವರ ಮನೆಯೋಳು, ಹುಚ್ಚಮ್ಮ." ಕುರ್ಚಿ ಎಳೆದು ಕೂತರು. "ಏನಾಯ್ತು ಕೇಳು. ಹದಿನೈದು ದಿನದ ಹಿಂದೆ ಹೊಲದ ಕಡೆ ನೋಡ್ತೀನಿ, ಪಂಪ್‌ಹೌಸಿನ ಹತ್ರ ಯಾರೋ ಪ್ಯಾಂಟಿನೋರು ನಿಂತಾರೆ. ಹಿಂದ್ಗಡೆಯಿಂದ ನೋಡಿದ್ರೆ ಥೇಟ್ ಆಫೀಸರ್. ಸರ್ವೆಯೋರು ಬಂದಾರೆ, ಪಹಣಿ ತಿದ್ದಕ್ಕೆ ಅರ್ಜಿ ಕೊಟ್ಟಿದ್ವಲ್ಲ, ಅದಕ್ಕೇ ಇರಬೇಕು ಅಂದ್ಕೊಂಡೆ. ಮನೆಗೆ ಓಡಿ ಹೋಗಿ ಚಾ ಮಾಡಿ, ತಟ್ಟೇಲಿ ಬಿಸ್ಕೀಟ್ ಇಟ್ಕೊಂಡು, ಸೆರಗು ಹೊದ್ದು ಹೋಗಿ, 'ಸಾಹೇಬ್ರೇ, ಚಾ ತಗೊಳ್ರಿ' ಅಂದೆ. ತಿರುಗಿದ್ರು ನೋಡು."

ಬಸವಣ್ಣೆಮ್ಮ ಬಾಯಿಗೆ ಕೈ ಅಡ್ಡ ಹಿಡಿದರು. ನಾನು ಪರದೆಯ ಹಿಂದೆ ಹೋದೆ.

"ಪಂಚೇಲಿ ಹೋಗೋದು, ಪಂಪ್‌ಹೌಸಿನಾಗೆ ಪ್ಯಾಂಟು ಹಾಕ್ಕೊಂಡು ನೀರು ಬಿಡೋದು, ಮತ್ತೆ ಪಂಚೆ ಉಟ್ಟು ಮನೆಗೆ ಬರೋದು. ದಿನಾ ಇದೇ ನಡೆದೈತೆ, ನಂಗೆ ಗೊತ್ತೇ ಇಲ್ಲ! ಮುಖ ಕೆಂಪಗೆ ಮಾಡ್ಕೊಂಡು ನಿಂತ್ರು. ನಾನೂ ನಿಂತೆ. ಬಿಸ್ಕೀಟ್ ಕೆಳಗೆ ಬಿತ್ತು."

"ಆಮೇಲೆ ಏನಂದ್ರಿ?"

"ಏನಂತೀನಿ? ಒಂದು ಸುತ್ತು ತಿರುಗಿ ಅಂದೆ. ತಿರುಗಿದ್ರು. ಚೆನ್ನಾಗೇ ಐತೆ, ಕದ್ದು ಯಾಕೆ ಹಾಕ್ತೀರಿ ಅಂದೆ." ಹುಚ್ಚಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು. "ಅವತ್ತಿಂದ ಈ ಮನುಷ್ಯ ಪ್ಯಾಂಟು ಬಿಚ್ತಿಲ್ಲ ಕಣವ್ವಾ. ಹಾಲಿನ ಡೈರಿಗೂ ಅದೇ, ಪಂಚಾಯ್ತಿಗೂ ಅದೇ. ತೊಳೆಯಾಕೆ ಕೊಡ್ರಿ ಅಂದ್ರೆ ನಾಳೆ ಅಂತಾರೆ. ಅದಕ್ಕೇ ಬಂದೀನಿ. ಇನ್ನೊಂದು ಕೊಡು, ಅಂಥದ್ದೇ."

"ಅದೇ ಬಣ್ಣನಾ?"

ಹುಚ್ಚಮ್ಮ ಎದ್ದು ಶೆಲ್ಫುಗಳ ಮುಂದೆ ನಿಂತು ಒಂದೊಂದೇ ಪ್ಯಾಂಟು ಎಳೆದು ಬೆಳಕಿಗೆ ಹಿಡಿದು ನೋಡಿದರು. ಬಸವಣ್ಣೆಮ್ಮ ಸಲಹೆ ಕೊಡಲು ಹೋಗಲಿಲ್ಲ. ಕೊನೆಗೆ ಅವರು ಬೂದು ಬಣ್ಣದ ಒಂದನ್ನು ತಮ್ಮ ಎದುರಿಗೆ ಉದ್ದಕ್ಕೆ ಹಿಡಿದು, ಕಣ್ಣು ಕಿರಿದು ಮಾಡಿ, "ಇದರಾಗೆ ಇನ್ನೂ ಸ್ವಲ್ಪ ಎತ್ತರ ಕಾಣ್ತಾರೆ" ಎಂದರು.

ಬಸವಣ್ಣೆಮ್ಮ ಅದನ್ನು ಇಸಿದುಕೊಂಡು ಕೆಳತುದಿ ಮಡಚಿ ಹೊಲಿಯತೊಡಗಿದರು. ಮೂರೂವರೆಯ ಶಿರಾಳಕೊಪ್ಪದ ಬಸ್ಸಿಗೆ ಇನ್ನೂ ಹೊತ್ತಿತ್ತು. ಹುಚ್ಚಮ್ಮ ಎದುರಿನ ಹೋಟೆಲಿಗೆ ಕೈ ಮಾಡಿ ಮೂರು ಟೀ ಹೇಳಿದರು, ಪರದೆಯ ಹಿಂದೆ ಇದ್ದ ನನಗೂ ಸೇರಿಸಿ.